ಐನ್‌ಮನೆಯನ್ನು "ಪವಿತ್ರಗೊಳಿಸು" ಅಂದಿದ್ದಕ್ಕೆ ಅಜ್ಜಿಗೆ ಸಿಟ್ಟು. ತಪ್ಪು ನನ್ನದಾ, ಪದದ್ದಾ?

ಕನ್ನಿಕಂಬ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಕ್ರಿಯಾಪದಕ್ಕಾಗಿ ನಮ್ಮ ಮನೆಯಲ್ಲಿ ನಾಲ್ಕು ದಿನದಿಂದ ಜಟಾಪಟಿ ನಡೆದಿದೆ. ಕನ್ನಡ ಬಲ್ಲವರು ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ.

ನಾವು ಮಡಿಕೇರಿ ತಾಲೂಕಿನವರು. ಮನೆಯಲ್ಲಿ ಆಡುವುದು ಅರೆಭಾಷೆ, ಬರೆಯುವುದು ಕನ್ನಡ. 2018ರ ಆಗಸ್ಟ್ ಮಳೆ ನೆನಪಿದೆ ಅಲ್ವಾ? ಆಗ ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಹಿಂದಿನ ಗುಡ್ಡದ ಬರೆ ಜರಿದು ಅಡುಗೆಮನೆಯ ಗೋಡೆ ಮೇಲೆ ಬಂತು. ಒಳಗೆಲ್ಲ ಮೊಣಕಾಲಿನವರೆಗೆ ಕೆಸರು. ಜನಕ್ಕೆ ಏನೂ ಆಗಲಿಲ್ಲ, ಅದೇ ದೊಡ್ಡದು. ಅಷ್ಟು ಮಣ್ಣು ಬಂದರೂ ಕನ್ನಿಕಂಬ ಮಾತ್ರ ಅಲ್ಲಾಡಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಐನ್‌ಮನೆಯೊಳಗೆ ಹಿರಿಯರ ಹೆಸರಲ್ಲಿ ದೀಪ ಇಡುವ ಮರದ ಕಂಬ. ನನ್ನ ಇಲ್ಲಿನ ಹೆಸರು ಅದರಿಂದಲೇ.

ಆಮೇಲೆ ದುಡ್ಡು ಕೂಡಿಸುವುದು, ಮೇಸ್ತ್ರಿ ಹುಡುಕುವುದು, ನಡುವೆ ಕೊರೊನಾ. ಅಂತೂ ಇಂತೂ ಈ ಸಲ ಹೆಂಚು ಹೊದಿಸಿ ಕೆಲಸ ಮುಗಿಯಿತು. ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ, ಕಳೆದ ಮೇಲೆ ಒಂದು ಭಾನುವಾರ ಕುಟುಂಬದವರೆಲ್ಲ ಅಲ್ಲಿ ಸೇರುವುದು ಅಂತ ತೀರ್ಮಾನ. ಆಮಂತ್ರಣ ಬರೆಯುವ ಕೆಲಸ ನನ್ನ ತಲೆಗೆ ಬಂತು. ಬ್ಯಾಂಕಿನಲ್ಲಿ ಇರುವವಳಿಗೆ ಬರವಣಿಗೆ ಬರುತ್ತದೆ ಅಂತ ಅವರ ಲೆಕ್ಕ. ನಾನು ದಿನಾ ಬರೆಯುವುದು ನನ್ನ ಸಹಿ ಮಾತ್ರ.

ನಾನು ಬರೆದದ್ದು ಹೀಗೆ: "ನಮ್ಮ ಐನ್‌ಮನೆಯನ್ನು ಪವಿತ್ರಗೊಳಿಸುವ ಕಾರ್ಯಕ್ರಮಕ್ಕೆ ತಾವೆಲ್ಲರೂ ಬರಬೇಕು."

ದೊಡ್ಡಪ್ಪ ಓದಿ ತಲೆ ಆಡಿಸಿದರು. ಅಜ್ಜಿಗೆ ಕಣ್ಣು ಮಂಜು, 84 ವರ್ಷ. ಅದಕ್ಕೆ ಗಟ್ಟಿಯಾಗಿ ಓದಿ ಹೇಳಿದೆ. ಕಡುಬಿಗೆ ತರಿ ಕಲಸುತ್ತಿದ್ದ ಕೈ ನಿಂತಿತು. "ಅಲ್ಲ ಮಗಾ, ಹಾಗಾದರೆ ಇಷ್ಟು ದಿನ ನಾನು ಅಪವಿತ್ರ ಮನೆಯಲ್ಲಿ ಇದ್ದೆನಾ? ನಿನ್ನ ಅಪ್ಪ ಹುಟ್ಟಿದ್ದು ಎಲ್ಲಿ?"

ಅಷ್ಟೇ ಸಾಕಾಯಿತು. ಎಲ್ಲರಿಗೂ ಬಾಯಿ ಬಂತು. ಚಿಕ್ಕಪ್ಪನ ಮಗ "ಶುದ್ಧೀಕರಣ ಅಂತ ಹಾಕಕ್ಕಾ" ಅಂದ. ನನಗೆ ಅದು ಕೇಳಿದರೆ ಐದು ರೂಪಾಯಿ ಹಾಕಿ ಕ್ಯಾನು ತುಂಬಿಸುವ ನೀರಿನ ಘಟಕ ನೆನಪಾಗುತ್ತದೆ. ಅತ್ತೆ "ಗೃಹಪ್ರವೇಶ" ಅಂದರು. ಮುತ್ತಜ್ಜನ ಕಾಲದ ಮನೆಗೆ ಈಗ ಏನು ಪ್ರವೇಶ? ದೊಡ್ಡಪ್ಪನದು "ಪುನಃಪ್ರತಿಷ್ಠಾಪನೆ". ಅದು ಹಾಕಿದರೆ ದೇವಸ್ಥಾನದ ಫ್ಲೆಕ್ಸ್ ಆಗುತ್ತದೆ, ಊರವರು ಕಾಣಿಕೆ ಹುಂಡಿ ಎಲ್ಲಿ ಅಂತ ಕೇಳುತ್ತಾರೆ.

ನನ್ನ ಪ್ರಶ್ನೆ ಇಷ್ಟು. ಪವಿತ್ರಗೊಳಿಸು ಅಂದರೆ ಮೊದಲು ಇಲ್ಲದ್ದನ್ನು ತರುವುದಾ? ಅಥವಾ ಇದ್ದದ್ದನ್ನೇ ಇನ್ನೊಂದು ಸಲ ಹೇಳುವುದಾ? ಇದಕ್ಕೆ ನಮ್ಮದೇ ಆದ, ಅಜ್ಜಿ ಒಪ್ಪುವಂಥ ಪದ ಇಲ್ವಾ? ಪ್ರೆಸ್‌ನವರು ಶನಿವಾರದೊಳಗೆ ಕೊಡಿ ಅಂದಿದ್ದಾರೆ.

ಸೋಮವಾರಪೇಟೆ ಮೇಷ್ಟ್ರು ಬರೆದದ್ದು:

ಮೊದಲು ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ಹೇಳಿ ತಂಗಿ. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ್ದೇನೆ. ಒಬ್ಬ ಹುಡುಗನೂ ಇಷ್ಟು ಒಳ್ಳೆಯ ವ್ಯಾಕರಣದ ಪ್ರಶ್ನೆ ಕೇಳಲಿಲ್ಲ.

"ಗೊಳಿಸು" ಎಲ್ಲಿಂದ ಬಂತು ನೋಡಿ. ಕೊಳ್ಳು ಅನ್ನುವ ನಮ್ಮದೇ ಪದ, ಅದರ ಮೊದಲು ಇನ್ನೊಂದು ಪದ ಬಂದು ಅಂಟಿದರೆ "ಗೊಳ್ಳು" ಆಗುತ್ತದೆ. ಅದಕ್ಕೆ ಇಸು ಹಚ್ಚಿದರೆ ಗೊಳಿಸು. ಪವಿತ್ರಗೊಳ್ಳುವುದು ಅಂದರೆ ತಾನಾಗಿ ಆಗುವುದು. ಪವಿತ್ರಗೊಳಿಸುವುದು ಅಂದರೆ ಇನ್ನೊಬ್ಬರು ಕೈ ಹಾಕಿ ಮಾಡುವುದು.

ಈಗ ಅಜ್ಜಿಯ ಸಿಟ್ಟಿಗೆ ಬರೋಣ. ಗೊಳಿಸು ಬಂದ ಕಡೆಯೆಲ್ಲ "ಮೊದಲು ಇರಲಿಲ್ಲ" ಅನ್ನುವ ಅರ್ಥ ಬರುವುದಿಲ್ಲ. "ಬಂದೋಬಸ್ತು ಬಿಗಿಗೊಳಿಸಿದರು" ಅಂದರೆ ಮೊದಲೂ ಸ್ವಲ್ಪ ಬಿಗಿ ಇದ್ದಿರಬಹುದು, ಈಗ ಜಾಸ್ತಿ ಆಯಿತು. ಸಂಘವನ್ನು ಬಲಗೊಳಿಸಿದರು ಅಂದರೂ ಹಾಗೇ. ಆದರೆ "ಪೂರ್ಣಗೊಳಿಸಿದರು" ಅಂದರೆ? ಅದುವರೆಗೆ ಅದು ಅರೆಬರೆ ಇತ್ತು ಅಂತಲೇ ಅರ್ಥ. ಬಿಗಿಗೆ ಹೆಚ್ಚು ಕಡಿಮೆ ಉಂಟು. ಪೂರ್ಣಕ್ಕೆ ಇಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಪವಿತ್ರವನ್ನು ನಾವು ಪೂರ್ಣದ ಸಾಲಿನಲ್ಲಿ ಇಟ್ಟಿದ್ದೇವೆ. "ಸ್ವಲ್ಪ ಪವಿತ್ರ" ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ಅಜ್ಜಿಯ ಕಿವಿ ಸರಿಯಾಗಿಯೇ ಕೇಳಿದೆ.

"ನಮ್ಮ ಮನೆಗೆ ಬಂದು ಪಾವನ ಮಾಡಿ" ಅಂದರೆ ಮಾತ್ರ ಯಾರಿಗೂ ಸಿಟ್ಟು ಬರುವುದಿಲ್ಲ, ಗಮನಿಸಿದ್ದೀರಾ? ಅಲ್ಲಿ ಮನೆಯವನೇ ತನ್ನ ಮನೆಯನ್ನು ತಗ್ಗಿಸಿ ಹೇಳಿಕೊಳ್ಳುತ್ತಾನೆ, ಅದು ಮರ್ಯಾದೆಯ ಮಾತು. ಅದನ್ನೇ ಮೊಮ್ಮಗಳು ಕಾರ್ಡಿನಲ್ಲಿ ಅಚ್ಚು ಹಾಕಿಸಿದರೆ ತೀರ್ಪು ಕೊಟ್ಟ ಹಾಗೆ.

ಪವಿತ್ರ ಅನ್ನುವ ಪದದ ಬೇರು ಇನ್ನೂ ತಮಾಷೆ. ಅದು ಸಂಸ್ಕೃತದ ಪೂ ಅನ್ನುವ ಧಾತುವಿನಿಂದ ಬಂದದ್ದು. ಪೂ ಅಂದರೆ ಶುದ್ಧ ಮಾಡು. ಪಾವನವೂ ಅಲ್ಲಿಂದಲೇ. ಕೊನೆಯ "ಇತ್ರ" ಸಾಧನವನ್ನು ಹೇಳುವ ಪ್ರತ್ಯಯ. ಹಾಗಾಗಿ ಪವಿತ್ರ ಅಂದರೆ ಮೂಲದಲ್ಲಿ ಶುದ್ಧವಾದ ವಸ್ತು ಅಲ್ಲ, ಶುದ್ಧ ಮಾಡುವ ಸಾಮಾನು. ವೇದದ ಕಾಲದಲ್ಲಿ ಸೋಮರಸ ಸೋಸುವ ಉಣ್ಣೆಯ ಜರಡಿಗೆ ಪವಿತ್ರ ಅಂತಲೇ ಹೆಸರು. ಇವತ್ತಿಗೂ ಪೂಜೆಗೆ ಕೂತಾಗ ಭಟ್ಟರು ದರ್ಭೆಯ ಉಂಗುರ ಕೊಟ್ಟು "ಪವಿತ್ರ ಹಾಕಿಕೊಳ್ಳಿ" ಅನ್ನುತ್ತಾರಲ್ಲ, ಆ ಹಳೆಯ ಅರ್ಥ ಅಲ್ಲಿ ಉಳಿದುಕೊಂಡಿದೆ. ನನ್ನ ಹೆಂಡತಿಗೆ ಇದನ್ನು ಹೇಳಿದೆ. "ಹಾಗಾದರೆ ನನ್ನ ಕಾಫಿ ಸೋಸುವ ಬಟ್ಟೆಯೂ ಪವಿತ್ರವೇ, ಅದನ್ನು ತೊಳೆದು ಕೊಡಿ" ಅಂದಳು.

ನಿಮ್ಮ ದೊಡ್ಡಪ್ಪ ಹೇಳಿದ ಪ್ರತಿಷ್ಠೆ ಬೇರೆ ಕೆಲಸ. ಅದರ ಬೇರು ಸ್ಥಾ, ಅಂದರೆ ನಿಲ್ಲು. ಒಂದು ವಸ್ತುವನ್ನು ತಂದು ನಿಲ್ಲಿಸಬೇಕು. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು 1820ರಲ್ಲಿ ಕೊಡಗಿನ ಅರಸ ಲಿಂಗರಾಜ ಕಟ್ಟಿಸಿದ. ಕಾಶಿಯಿಂದ ತಂದ ಲಿಂಗ ಅಲ್ಲಿ ಪ್ರತಿಷ್ಠೆ ಆಯಿತು ಅಂತ ಹೇಳಿಕೊಂಡು ಬಂದಿದ್ದಾರೆ. ಅಲ್ಲಿ ಆ ಪದ ಸರಿ. ನಿಮ್ಮ ಕಂಬ ಬಿದ್ದೇ ಇಲ್ಲ, ನಿಲ್ಲಿಸುವುದು ಏನನ್ನು? ಅಂದಹಾಗೆ ಈಗ ಪ್ರತಿಷ್ಠೆ ಅಂದರೆ ಜನಕ್ಕೆ ಮೊದಲು ಹೊಳೆಯುವುದು ಚುನಾವಣೆ. ಸಂಸ್ಕಾರದ ಗತಿಯೂ ಅದೇ. ಹುಟ್ಟಿನಿಂದ ಸಾವಿನವರೆಗಿನ ಕ್ರಿಯೆಗಳ ಪದ, ಈಗ "ಕಾಫಿ ಸಂಸ್ಕರಣಾ ಘಟಕ" ಅಂತ ಬೋರ್ಡಿನ ಮೇಲೆ ಕೂತಿದೆ.

ಅಚ್ಚಗನ್ನಡದ್ದು ಬೇಕೆಂದರೆ ಮೀಸಲು ಇದೆ, ಮುಡಿಪು ಇದೆ. ಮೀಸಲಿಡು ಅಂದರೆ ಬೇರೆ ಯಾರೂ ಮುಟ್ಟುವ ಮೊದಲು ದೇವರಿಗೆ ಅಂತ ತೆಗೆದಿಡುವುದು. ಅದರ ಎದುರು ಪದ ಅಪವಿತ್ರ ಅಲ್ಲ, ಎಂಜಲು. ಮುಡಿಪು ಅರಿಸಿನದ ಬಟ್ಟೆಯಲ್ಲಿ ದುಡ್ಡು ಕಟ್ಟಿ ಇಡುವುದು. ಎರಡೂ ಚೆಂದದ ಪದ. ಆದರೆ 84 ವರ್ಷದ ಅಜ್ಜಿ ಕಡುಬು ಮಾಡುವ ಮನೆಗೆ ಎರಡೂ ಹೊಂದುವುದಿಲ್ಲ. ಮನೆ ಅಂದ ಮೇಲೆ ಎಂಜಲು ಇರಲೇಬೇಕು.

ವಿರಾಜಪೇಟೆ ಟೀಚರ್ ಬರೆದದ್ದು:

ನಿಮ್ಮ ಅಜ್ಜಿ ಕೇಳಿದ ಪ್ರಶ್ನೆ ನಮಗೆ ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲೇ ಬರುತ್ತದೆ. ನಾನು ಕ್ರೈಸ್ತಳು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. 1792ರಿಂದ ಇರುವ ಚರ್ಚು, ದೊಡ್ಡ ವೀರರಾಜೇಂದ್ರನ ಕಾಲದ್ದು.

ಯೇಸು ಕಲಿಸಿದ ಪ್ರಾರ್ಥನೆಯ ಮೊದಲ ಬೇಡಿಕೆಯೇ ಈ ಕ್ರಿಯಾಪದ. ಇಂಗ್ಲಿಷಿನಲ್ಲಿ "ಹ್ಯಾಲೋಡ್ ಬಿ ದೈ ನೇಮ್". ಹ್ಯಾಲೋ ಅಂದರೆ ಪವಿತ್ರ ಮಾಡು. ಈಗ ಕನ್ನಡಕ್ಕೆ ತರುವವರ ಕಷ್ಟ ಯೋಚಿಸಿ. "ನಿನ್ನ ಹೆಸರು ಪವಿತ್ರಗೊಳ್ಳಲಿ" ಅಂತ ಬರೆದರೆ ಇಷ್ಟು ದಿನ ದೇವರ ಹೆಸರು ಅಪವಿತ್ರವಾಗಿತ್ತಾ ಅಂತ ಯಾವುದೋ ಅಜ್ಜಿ ಎದ್ದು ಕೇಳುತ್ತಾರೆ. ಅದಕ್ಕೆ ಪ್ರಾಟೆಸ್ಟೆಂಟರ ಕನ್ನಡ ಬೈಬಲಿನಲ್ಲಿ "ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ" ಅಂತ ಇದೆ. ಎಣಿಸು! ಅದು ಮೊದಲೇ ಪರಿಶುದ್ಧ, ನಾವು ಹಾಗೆ ಎಣಿಸುವ ಹಾಗೆ ಆಗಲಿ ಅಂತ. "ಎಣಿಸಲ್ಪಡಲಿ" ಕಿವಿಗೆ ಸ್ವಲ್ಪ ಗಡುಸು, ನಾನು ಒಪ್ಪುತ್ತೇನೆ. ಆದರೆ ಯಾರೋ ಕೂತು ತಲೆ ಕೆಡಿಸಿಕೊಂಡು ಹಾಕಿದ ಪದ ಅದು.

ಮೇಷ್ಟ್ರು ಹೇಳಿದ ಮೀಸಲು ಇದೆಯಲ್ಲ, ಅದು ಹೀಬ್ರೂ ಭಾಷೆಯ ಪದಕ್ಕೆ ಪವಿತ್ರಕ್ಕಿಂತ ಹತ್ತಿರ. ಅಲ್ಲಿ ಕಾದೋಶ್ ಅಂತ. ಬೇರೆ ಮಾಡಿ ಇಟ್ಟದ್ದು ಅನ್ನುವ ಅರ್ಥ. ತೊಳೆಯುವುದು, ಸೋಸುವುದು ಅಲ್ಲ. ಯೆಹೂದ್ಯರು ಮದುವೆಗೂ ಅದೇ ಬೇರಿನ ಪದ ಬಳಸುತ್ತಾರೆ, ಕಿದ್ದುಶಿನ್ ಅಂತ. ಈ ಹೆಣ್ಣು ಇನ್ನು ಇವನಿಗೆ ಬೇರೆಯಾದವಳು ಅಂತ. ಇನ್ನೊಂದು ನನಗೆ ಇಷ್ಟದ ವಿಷಯ: ಬೈಬಲಿನಲ್ಲಿ ದೇವರು ಮೊಟ್ಟಮೊದಲು ಪವಿತ್ರ ಮಾಡಿದ್ದು ಒಂದು ಜಾಗವನ್ನಲ್ಲ, ಕಲ್ಲನ್ನಲ್ಲ. ಒಂದು ದಿನವನ್ನು. ಏಳನೇ ದಿನ, ಕೆಲಸ ನಿಲ್ಲಿಸಿದ ದಿನ.

ನಮ್ಮಲ್ಲಿ ಮನೆಗೂ ಚರ್ಚಿಗೂ ಒಂದೇ ಮಾತು ಹೇಳುವುದಿಲ್ಲ. ಹೊಸ ಚರ್ಚನ್ನು ಬಿಷಪ್ ಬಂದು, ಪೀಠಕ್ಕೂ ಗೋಡೆಗೂ ಎಣ್ಣೆಯ ಅಭ್ಯಂಗ ಮಾಡಿ ದೇವರಿಗೆ ಅರ್ಪಿಸುತ್ತಾರೆ. ಆಮೇಲೆ ಅಲ್ಲಿ ಬೇರೆ ಬಳಕೆ ಇಲ್ಲ. ಮನೆಗೆ ಬರೀ ಆಶೀರ್ವಾದ. ಫಾದರ್ ತೀರ್ಥ ಚಿಮುಕಿಸಿ ಪ್ರಾರ್ಥನೆ ಮಾಡುತ್ತಾರೆ, ಆಮೇಲೆ ಊಟ. ನಾಳೆಯೂ ಅಲ್ಲಿ ಅಡುಗೆ ಮಾಡಬೇಕು, ಮಕ್ಕಳು ಹೊಡೆದಾಡಬೇಕು ತಾನೇ? ನಮ್ಮ ಪಕ್ಕದ ಮಲಯಾಳಿ ಕ್ರೈಸ್ತರು ಇದಕ್ಕೆ ವೆಂಜರಿಕ್ಕುಕ ಅನ್ನುತ್ತಾರೆ. ಮನೆ, ಕಾರು, ಜಪಸರ, ಯಾವುದಕ್ಕೂ ಅದೇ. ಅದು ಪೋರ್ಚುಗೀಸರ ಬೆನ್ಜೆರ್ ಅನ್ನುವ ಪದದಿಂದ ಬಂದದ್ದಂತೆ. ಹಾಗಾಗಿ ನನ್ನ ಸಲಹೆ "ಹರಸು". "ಬಂದು ಮನೆಯನ್ನು ಹರಸಿ." ಮೊದಲು ಏನೋ ಕೊರತೆ ಇತ್ತು ಅನ್ನುವ ವಾಸನೆ ಅದರಲ್ಲಿ ಇಲ್ಲ.

ಕುಶಾಲನಗರ ಬಸ್‌ಸ್ಟ್ಯಾಂಡ್ ಬರೆದದ್ದು:

ದೊಡ್ಡ ದೊಡ್ಡ ಮಾತಿನ ನಡುವೆ ಸಣ್ಣದೊಂದು. ಹೊಳೆ ದಾಟಿದರೆ ಬೈಲುಕುಪ್ಪೆ, ಅಲ್ಲಿ ಟಿಬೆಟಿನವರು 1961ರಿಂದ ಇದ್ದಾರೆ. ಅವರ ಅಂಗಡಿಗೆ ನಾನು ಸಾಮಾನು ಹಾಕುತ್ತೇನೆ. ಒಬ್ಬ ಲಾಮಾ ಹೇಳಿದ್ದು: ಬುದ್ಧನ ಮೂರ್ತಿ ಮಾಡಿಸಿದ ಮೇಲೆ ಮಂತ್ರ ಬರೆದ ಕಾಗದದ ಸುರುಳಿಗಳನ್ನು ಒಳಗೆ ತುಂಬಬೇಕು, ಆಮೇಲೆ ರಬ್‌ನೆ ಮಾಡಬೇಕು. ರಬ್‌ನೆ ಅಂದರೆ ಏನು ಅಂತ ಕೇಳಿದೆ. "ಗಟ್ಟಿಯಾಗಿ ನೆಲೆ ನಿಲ್ಲುವುದು" ಅಂದರು. ಪ್ರತಿಷ್ಠೆಗೆ ಅವರು ಮಾಡಿಕೊಂಡ ಪದವಂತೆ ಅದು. ಮೇಷ್ಟ್ರು ಹೇಳಿದ "ನಿಲ್ಲು" ಅಲ್ಲೂ ಇದೆ.

ಕನ್ನಿಕಂಬ ಅಕ್ಕಾ, ನಿಮ್ಮ ಕಂಬ 2018ರ ಮಳೆಗೇ ನಿಂತಿದೆ. ಅದಕ್ಕೆ ಬೇರೆ ಸರ್ಟಿಫಿಕೇಟ್ ಯಾಕೆ? ಊಟಕ್ಕೆ ಏನು, ಅದನ್ನು ಮೊದಲು ಬರೆಯಿರಿ.

ಗೋಣಿಕೊಪ್ಪದ ಕಾಫಿಗಿಡ ಬರೆದದ್ದು:

ಮೇಷ್ಟ್ರೇ, ನಿಮ್ಮ ಪಾಠ ಚೆನ್ನಾಗಿತ್ತು. ಆದರೆ ಒಂದು ಕಡೆ ನನ್ನದು ತಕರಾರು ಇದೆ. ಪದವನ್ನು ನೀವು ನಿಘಂಟಿನಲ್ಲಿ ಹುಡುಕುತ್ತಿದ್ದೀರಿ. ಕೊಡಗಿನಲ್ಲಿ ಅದು ಕಾಡಿನಲ್ಲಿ ಇದೆ.

ನಮ್ಮದು ದಕ್ಷಿಣ ಕೊಡಗು. ತೋಟದ ಮೇಲ್ಗಡೆ ಊರಿನ ದೇವರಕಾಡು. ಇಡೀ ಜಿಲ್ಲೆಯಲ್ಲಿ ಇಂಥವು 1,214 ಇವೆ ಅಂತ ಲೆಕ್ಕ. ನಮ್ಮದು ಅಯ್ಯಪ್ಪನದು, ಬೇಟೆಯ ದೇವರು. ಹರಕೆಗೆ ಮಣ್ಣಿನ ನಾಯಿ ಮಾಡಿ ಇಡುತ್ತಾರೆ. ಗುಡಿ ಇಲ್ಲ, ಗೋಪುರ ಇಲ್ಲ. ಹಳೆಯ ನಾಯಿಗಳು ಮಳೆಗೆ ಕರಗಿ, ಮೂತಿ ಹೋಗಿ, ಪಾಚಿ ಹಿಡಿದು ಸಾಲಾಗಿ ಕೂತಿವೆ. ಚಿಕ್ಕವನಿದ್ದಾಗ ಅದರ ಹತ್ತಿರ ಹೋಗಲು ಹೆದರುತ್ತಿದ್ದೆ, ಈಗಲೂ ಸಂಜೆ ಆದ ಮೇಲೆ ಹೋಗುವುದಿಲ್ಲ. ಈ ಕಾಡನ್ನು ಯಾರು ಪವಿತ್ರಗೊಳಿಸಿದರು? ಯಾರೂ ಇಲ್ಲ. ಹೋಮ ಆಗಲಿಲ್ಲ, ಕಲಶ ಆಗಲಿಲ್ಲ. ಹಿರಿಯರನ್ನು ಕೇಳಿದರೆ ಒಂದೇ ಮಾತು: "ಅದು ದೇವರಿಗೆ ಬಿಟ್ಟದ್ದು."

ಬಿಡು! ಇದಕ್ಕಿಂತ ಅಚ್ಚಗನ್ನಡ ಬೇಕಾ? ದೇವರಿಗೆ ಬಿಟ್ಟ ಗದ್ದೆ, ದೇವರ ಹೆಸರಲ್ಲಿ ಬಿಟ್ಟ ಗೂಳಿ, ದೇವರಿಗೆ ಬಿಟ್ಟ ಕಾಡು. ಮರ ಕಡಿಯುವುದನ್ನು ಬಿಟ್ಟರು, ಸೌದೆ ತರುವುದನ್ನು ಬಿಟ್ಟರು. ನಾವು ಏನನ್ನೂ ಸೇರಿಸಲಿಲ್ಲ, ಕೈ ತೆಗೆದೆವು ಅಷ್ಟೇ. ಪಕ್ಕದಲ್ಲೇ ಮೀಸಲು ಅರಣ್ಯ ಇದೆ, ಮೇಷ್ಟ್ರ ಮೀಸಲು. ಅಲ್ಲಿ ಬೋರ್ಡು ಇದೆ, ಗಾರ್ಡು ಇದ್ದಾರೆ. ಇಲ್ಲಿ ಮೂತಿ ಇಲ್ಲದ ಮಣ್ಣಿನ ನಾಯಿಗಳು ಕಾಯುತ್ತವೆ. ಎಲ್ಲ ದೇವರಕಾಡೂ ಚೆನ್ನಾಗಿ ಉಳಿದಿದೆ ಅಂತ ನಾನು ಹೇಳುವುದಿಲ್ಲ. ಅಂಚಿನಲ್ಲಿ ಕಾಫಿ ನುಗ್ಗಿದ ಕಡೆ ಬೇಕಾದಷ್ಟಿದೆ, ಅದನ್ನು ಬರೆದರೆ ನನ್ನ ನೆಂಟರೇ ಬೈಯುತ್ತಾರೆ.

ಟೀಚರ್ ಹೇಳಿದ ಏಳನೇ ದಿನದ ಮಾತು ಓದಿ ನನಗೆ ಕೈಲ್‌ಪೊಳ್ದ್, ನಮ್ಮ ಆಯುಧಪೂಜೆಯ ಹಬ್ಬ, ನೆನಪಾಯಿತು. ನಾಟಿ ಮುಗಿದಿರುತ್ತದೆ. ಕೋವಿ, ಒಡಿಕತ್ತಿ ಎಲ್ಲ ದೇವರ ಕೋಣೆಯಲ್ಲಿ ಇಡುತ್ತೇವೆ. ಕೋವಿಗೆ ತೋಕ್ ಪೂವು, ಅಂದರೆ ಕೋವಿ ಹೂವು, ಸಿಕ್ಕಿಸುತ್ತೇವೆ. ಹಬ್ಬದ ದಿನ ಪೂಜೆ ಆಗುವವರೆಗೆ ಯಾರೂ ತೆಗೆಯುವ ಹಾಗಿಲ್ಲ. ನಮ್ಮ ತಾತ ಅದಕ್ಕೆ ಪೂಜೆ ಅಂತಲೂ ಹೇಳುತ್ತಿರಲಿಲ್ಲ. "ಕೋವಿ ಇಟ್ಟಾಯಿತು" ಅನ್ನುತ್ತಿದ್ದರು. ಊರ ಹಬ್ಬಕ್ಕೆ ಮುಂಚೆ "ಕಟ್ಟು" ಬೀಳುತ್ತದೆ. ಆ ದಿನಗಳಲ್ಲಿ ಮರ ಕಡಿಯುವ ಹಾಗಿಲ್ಲ, ಮಾಂಸ ಇಲ್ಲ. ಪುತ್ತರಿಯಲ್ಲಿ ಕದಿರು ತೆಗೆಯಲು ಹೋಗುವ ಮೊದಲು ಎಲೆಗಳನ್ನು ಸೇರಿಸಿ ನೆರೆ ಕಟ್ಟುತ್ತೇವೆ. ಲೆಕ್ಕ ಹಾಕಿ: ಬಿಡು, ಇಡು, ಕಟ್ಟು. ಮೂರೂ ಒಂದನೇ ಕ್ಲಾಸಿನ ಮಗುವಿಗೆ ಗೊತ್ತಿರುವ ಪದ. ಮೂರನ್ನೂ ನಾವು ದೇವರ ಕೆಲಸಕ್ಕೆ ಬಳಸುತ್ತೇವೆ. ಆಮಂತ್ರಣ ಬರೆಯಲು ಕೂತ ತಕ್ಷಣ ಮಾತ್ರ ಪವಿತ್ರೀಕರಣ, ಪುನಃಪ್ರತಿಷ್ಠಾಪನೆ!

ಸೋಮವಾರಪೇಟೆ ಮೇಷ್ಟ್ರು ಬರೆದದ್ದು:

ಕಾಫಿಗಿಡದವರೇ, ಸೋತೆ. ಆದರೆ ನಿಘಂಟನ್ನು ಪೂರ್ತಿ ಬಿಡಬೇಡಿ, ಅದು ನಿಮ್ಮ ಪರವೇ ಸಾಕ್ಷಿ ಹೇಳುತ್ತದೆ. ನಮ್ಮ ಹಳೆಯ ಶಾಸನಗಳಲ್ಲಿ ದೇವಸ್ಥಾನಕ್ಕೆ ಭೂಮಿ ಕೊಟ್ಟಾಗ ಬರುವ ಮಾತೂ "ಬಿಟ್ಟರು", "ಬಿಟ್ಟ ದತ್ತಿ". ಕಾಲು ತೊಳೆದು, ಧಾರೆ ಎರೆದು ಬಿಡುವುದು. ಶಾಸನದ ಮೊದಲ ಸಾಲುಗಳಲ್ಲಿ ಸಂಸ್ಕೃತದ ಬಿರುದುಗಳು ಎಷ್ಟೇ ಇರಲಿ, ಕೆಲಸದ ಮಾತು ಬಂದಾಗ ಕಲ್ಲು ಕನ್ನಡದಲ್ಲಿ "ಬಿಟ್ಟರು" ಅನ್ನುತ್ತದೆ.

ಆದರೂ ತಂಗಿಗೆ ಈ ಪದ ಆಗುವುದಿಲ್ಲ. "ಐನ್‌ಮನೆಯನ್ನು ಬಿಡುವ ಕಾರ್ಯಕ್ರಮ" ಅಂತ ಹಾಕಿದರೆ ಮನೆ ಮಾರುತ್ತಿದ್ದಾರೆ ಅಂತ ಬ್ರೋಕರುಗಳು ಬಂದು ಸಾಲು ನಿಲ್ಲುತ್ತಾರೆ.

ಟೀಚರ್ ಹೇಳಿದ ಹರಸು ಒಳ್ಳೆಯದೇ. ಹರಕೆ ಅದರ ಅಕ್ಕತಂಗಿ. ಒಂದೇ ಒಂದು ಅನುಮಾನ: ಹರಸುವುದು ಹಿರಿಯರು. ಕಾರ್ಡು ಹೋಗುವುದು ಚಿಕ್ಕವರಿಗೂ. 84 ವರ್ಷದ ಅಜ್ಜಿ ಇರುವ ಮನೆಯನ್ನು 30 ವರ್ಷದ ಅಳಿಯ ಹರಸುವುದಾ?

ಕನ್ನಿಕಂಬ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ನಿಮ್ಮ ಉತ್ತರಗಳನ್ನು ಅಜ್ಜಿಗೆ ಒಂದೊಂದೇ ಓದಿ ಹೇಳಿದೆ. ಸೋಸುವ ಬಟ್ಟೆಯ ಕಥೆಗೆ ಚೆನ್ನಾಗಿ ನಕ್ಕರು. ಮಣ್ಣಿನ ನಾಯಿ ಬಂದಾಗ ಸುಮ್ಮನಾದರು. ಅವರ ತವರಿನ ಹತ್ತಿರವೂ ಅಂಥದ್ದೊಂದು ಬನ ಇತ್ತಂತೆ, ನಮಗೆ ಇದುವರೆಗೆ ಹೇಳಿರಲೇ ಇಲ್ಲ. ಎಣಿಸಲ್ಪಡಲಿ ಅನ್ನುವುದನ್ನು ಎರಡು ಸಲ ಓದಿಸಿಕೊಂಡರು. "ಅವರಿಗೆ ಗೊತ್ತಾಗಿದೆ" ಅಂದರು. ಯಾರಿಗೆ, ಏನು ಗೊತ್ತಾಗಿದೆ ಅಂತ ಹೇಳಲಿಲ್ಲ.

ಆಮೇಲೆ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. "ಅಜ್ಜಿ, ಆವತ್ತು ನೀವು ಏನು ಮಾಡುತ್ತೀರಿ?" ನಾನು ಕಾರ್ಡು ಬರೆಯಲು ಹೊರಟವಳು, ಕಾರ್ಯಕ್ರಮದಲ್ಲಿ ಏನು ನಡೆಯುತ್ತದೆ ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಭಟ್ಟರು ಬರುತ್ತಾರೆ, ಗಣಪತಿ ಹೋಮ, ಅಷ್ಟು ದೊಡ್ಡಪ್ಪ ಹೇಳಿದ್ದರು.

ಅಜ್ಜಿ ಹೇಳಿದ್ದು ಬೇರೆ. ಬೆಳಿಗ್ಗೆ ಬೇಗ ಮನೆ ಗುಡಿಸಿ ಸಾರಿಸಬೇಕು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥ ಅವರ ಹತ್ತಿರ ಸೀಸೆಯಲ್ಲಿ ಇದೆ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಯಾರಾದರೂ ತಂದುಕೊಡುತ್ತಾರೆ, ಮುಚ್ಚಳಕ್ಕೆ ಮೇಣ ಹಚ್ಚಿ ಇಡುತ್ತಾರೆ. ಕೊನೆಗಾಲದಲ್ಲಿ ಬಾಯಿಗೆ ಬಿಡಲು ಬೇಕಲ್ಲ, ಅದಕ್ಕೆ. ಅದರಲ್ಲಿ ಸ್ವಲ್ಪ ತೆಗೆದು ಮೂಲೆ ಮೂಲೆಗೆ ಚಿಮುಕಿಸುತ್ತಾರಂತೆ. ಆಮೇಲೆ ಕನ್ನಿಕಂಬದ ಹತ್ತಿರ ದೀಪ ಇಡುತ್ತಾರಂತೆ. "ಅಷ್ಟೇ. ದೀಪ ಇಟ್ಟರೆ ಆಯಿತು. ಮತ್ತೇನು?"

ನಾನು ಬಿಡಲಿಲ್ಲ, ಬ್ಯಾಂಕಿನವಳು ನೋಡಿ. "ಆ ತೀರ್ಥವನ್ನು ಯಾರು ಪವಿತ್ರ ಮಾಡಿದರು?" ಅಂತ ಕೇಳಿದೆ. ನನ್ನನ್ನು ದಡ್ಡಿ ಅನ್ನುವ ಹಾಗೆ ನೋಡಿದರು. "ಅದನ್ನು ಯಾರು ಮಾಡುವುದು? ಅದು ಉಕ್ಕಿ ಬರುತ್ತದೆ. ನಾವು ತೆಗೆದುಕೊಂಡು ಬರುತ್ತೇವೆ."

ಕಾಫಿಗಿಡದವರೇ, ನಿಮ್ಮ ಮೂರು ಪದಗಳಲ್ಲಿ "ಇಡು" ಗೆದ್ದಿತು. ಸಾಲು ಈಗ ಹೀಗಿದೆ:

"ಮಳೆಗೆ ಕುಸಿದ ನಮ್ಮ ಐನ್‌ಮನೆಯನ್ನು ಕಟ್ಟಿ ಮುಗಿಸಿದ್ದೇವೆ. ಕನ್ನಿಕಂಬಕ್ಕೆ ಅಜ್ಜಿ ಮತ್ತೆ ದೀಪ ಇಡುತ್ತಾರೆ. ಎಲ್ಲರೂ ಬನ್ನಿ. ಊಟ ಅಲ್ಲೇ."

ದೊಡ್ಡಪ್ಪನಿಗೆ ಇದು ತೀರಾ ಬೋಳು ಅನಿಸಿತು. ಅವರ ಸಮಾಧಾನಕ್ಕೆ ಕೆಳಗೆ ಸಣ್ಣ ಅಕ್ಷರದಲ್ಲಿ "ಬೆಳಿಗ್ಗೆ ಗಣಪತಿ ಹೋಮ" ಅಂತ ಸೇರಿಸಿದೆ. ಅಜ್ಜಿ "ಮತ್ತೆ" ಅನ್ನುವುದನ್ನು ತೆಗೆಯಿಸಿದರು. 2018ರಿಂದ ಒಂದು ದಿನವೂ ತಪ್ಪಿಲ್ಲವಂತೆ. ಸೂರು ಇಲ್ಲದ ಎರಡು ವರ್ಷ ತಗಡಿನ ಡಬ್ಬ ಅಡ್ಡ ಇಟ್ಟು ಅದರ ಒಳಗೆ ದೀಪ ಹಚ್ಚುತ್ತಿದ್ದರಂತೆ. ನನಗೆ ಗೊತ್ತಿರಲಿಲ್ಲ. ನಾನು ಆಗ ಮೈಸೂರಿನಲ್ಲಿದ್ದೆ.

ಕುಶಾಲನಗರದ ಅಣ್ಣನಿಗೆ: ಕಡುಬು, ಕೋಳಿ ಸಾರು, ಸೊಪ್ಪಿನ ಪಲ್ಯ, ಪಾಯಸ. ಹೋಮ ಇರುವುದರಿಂದ ಕೋಳಿ ಸಂಜೆಗೆ.

ಇವತ್ತು ಪ್ರೆಸ್ಸಿನಿಂದ ಪ್ರೂಫ್ ಬಂತು. "ಅಜ್ಜಿ ದ್ವೀಪ ಇಡುತ್ತಾರೆ" ಅಂತ ಹೊಡೆದಿದ್ದಾರೆ. ತಿದ್ದಿ ಕಳಿಸಿದ್ದೇನೆ. ಆಗಸ್ಟ್ ತಿಂಗಳಾಗಿದ್ದರೆ ಹಾಗೇ ಬಿಡಬಹುದಿತ್ತು.